ಪರೀಕ್ಷೆಯ ದಿಗಿಲಿಗೆ ಕೌದಿಯ ಸೂಜಿ

ಫೆಬ್ರುವರಿ ಬಂತೆಂದರೆ ಆಲಮೇಲ, ಸಿಂದಗಿ, ಇಂಡಿ ಕಡೆಯ ಎಸ್ಸೆಸ್ಸೆಲ್ಸಿ ಮಕ್ಕಳ ಮನೆಗಳಲ್ಲಿ ಟಿವಿ ಬಂದ್. ಮದುವೆಗೆ ಹೋಗುವಂತಿಲ್ಲ, ಜಾತ್ರೆ ನೋಡುವಂತಿಲ್ಲ. ಪಿಯು ವಿಜ್ಞಾನ ಓದುವವರಿಗೆ ಇದರ ಮೇಲೆ ನೀಟ್, ಸಿಇಟಿಗಳ ಚಿಂತೆ. ಅಪ್ಪ-ಅವ್ವ ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೋ, ಕಟ್ಟಡದ ಕೆಲಸಕ್ಕೆ ಗೋವಾ, ಬೆಂಗಳೂರಿಗೋ ಗುಳೆ ಹೋಗಿದ್ದರೆ ಮಕ್ಕಳು ಆಯಿಯ (ಅಜ್ಜಿಯ) ಜೊತೆ ಊರಲ್ಲಿ, ಇಲ್ಲವೇ ಹಾಸ್ಟೆಲಿನಲ್ಲಿ. ತಮ್ಮ-ತಂಗಿಯರ ಜವಾಬ್ದಾರಿಯೂ ಅವರದೇ. ಹದಿನೈದು-ಹದಿನಾರರ ವಯಸ್ಸಿಗೆ ಇದು ಸಣ್ಣ ಭಾರವಲ್ಲ.

ಭಾರ ಹೆಚ್ಚಾದಾಗ ಮೈ ಮೊದಲು ಹೇಳುತ್ತದೆ. ತಲೆ ಜಡವಾಗುತ್ತದೆ, ಹೊಟ್ಟೆ ತೊಳಸುತ್ತದೆ, ರಾತ್ರಿ ನಿದ್ದೆ ಬರುವುದಿಲ್ಲ, ಸಣ್ಣ ಮಾತಿಗೂ ಸಿಟ್ಟು ಬರುತ್ತದೆ. ಆಗ ಕೈ ಹೋಗುವುದು ಮೊಬೈಲಿಗೆ. ಹತ್ತು ನಿಮಿಷ ಎಂದು ಕುಳಿತವರು ಎರಡು ತಾಸು ರೀಲ್ಸ್ ನೋಡಿ ಏಳುವಾಗ ದಿಗಿಲು ಇದ್ದಲ್ಲೇ ಇರುತ್ತದೆ. ಹೊತ್ತು ಹಾಳಾಯಿತೆಂಬ ಸಂಕಟವೂ ಅದರ ಜೊತೆ ಸೇರಿರುತ್ತದೆ.

ಅದೇ ಮನೆಯಲ್ಲಿ ಇನ್ನೊಂದು ಉಪಾಯವೂ ಇದೆ. ವಿಜಯಪುರ ಜಿಲ್ಲೆಯಲ್ಲಿ ಕೌದಿ ಇಲ್ಲದ ಮನೆ ಹುಡುಕುವುದು ಕಷ್ಟ. ಕಸೂತಿ ಬಲ್ಲ ಅಜ್ಜಿಯರು, ಕ್ರೋಶಾದಲ್ಲಿ ಬಾಗಿಲ ತೋರಣ ಹೆಣೆಯುವ ಚಿಗವ್ವಂದಿರು, ಕನ್ನಡಿ ಕೂರಿಸಿ ಹೊಲಿಯುವ ಲಂಬಾಣಿ ತಾಂಡಾದ ಹೆಣ್ಣುಮಕ್ಕಳು ಇನ್ನೂ ಇದ್ದಾರೆ. ಸೂಜಿ-ದಾರದ ಈ ವಿದ್ಯೆಯನ್ನು ಹರೆಯದ ಮಕ್ಕಳು ಮನಸ್ಸು ಹಗುರ ಮಾಡಿಕೊಳ್ಳಲು ಬಳಸಬಹುದು. ಹೇಗೆ ಆರಂಭಿಸಬೇಕು, ಯಾರಿಗೆ ಯಾವುದು ಒಗ್ಗುತ್ತದೆ, ಎಲ್ಲಿ ನಿಲ್ಲಿಸಬೇಕು ಎಂಬ ವಿವರ ಇಲ್ಲಿದೆ.

ಹೊಲಿಗೆ ಏನು ಮಾಡುತ್ತದೆ?

ಚಿಂತೆ ಹೆಚ್ಚಾದಾಗ ಮನಸ್ಸು ಮುಂದಾಗಬಹುದಾದ್ದನ್ನೋ ಆಗಿಹೋದದ್ದನ್ನೋ ಮತ್ತೆ ಮತ್ತೆ ತಿರುವುತ್ತಿರುತ್ತದೆ. ಸುಮ್ಮನೆ ಕುಳಿತು ಅದನ್ನು ತಡೆಯುವುದು ದೊಡ್ಡವರಿಗೇ ಕಷ್ಟ. ಹೊಲಿಗೆಯಲ್ಲಿ ಎರಡೂ ಕೈಗೆ ಕೆಲಸವಿದೆ, ಕಣ್ಣು ಸೂಜಿಯ ಮೊನೆಯ ಮೇಲೆಯೇ ಇರಬೇಕಾಗುತ್ತದೆ. ಒಂದೇ ಚಲನೆ ಒಂದೇ ಲಯದಲ್ಲಿ ಮರುಕಳಿಸುತ್ತಾ ಹೋದಂತೆ ಉಸಿರೂ ನಿಧಾನವಾಗುತ್ತದೆ. ಹೊಲಿಯುವ ಕೈಯಲ್ಲಿ ಮೊಬೈಲ್ ಹಿಡಿಯಲು ಬರುವುದಿಲ್ಲ ಎಂಬುದೂ ಸಣ್ಣ ಲಾಭವಲ್ಲ.

ಇನ್ನೊಂದು ಕಾರಣವಿದೆ. ವರ್ಷವಿಡೀ ಓದಿದ್ದರ ಫಲ ಕಾಣುವುದು ಫಲಿತಾಂಶದ ದಿನ. ಅರ್ಧ ತಾಸು ಹೊಲಿದದ್ದು ಅರ್ಧ ತಾಸಿನಲ್ಲೇ ಕಣ್ಣಿಗೆ ಕಾಣುತ್ತದೆ. ತಪ್ಪಿದರೆ ಬಿಚ್ಚಿ ಮತ್ತೆ ಹೊಲಿಯಬಹುದು, ಅಂಕ ಕಳೆಯುವವರು ಯಾರೂ ಇಲ್ಲ. ‘ನನ್ನ ಕೈಯಲ್ಲಿ ಏನೋ ಆಗುತ್ತದೆ’ ಎಂಬ ನಂಬಿಕೆ ಕುಸಿದ ಹುಡುಗ-ಹುಡುಗಿಯರಿಗೆ ಇದು ದೊಡ್ಡ ಮಾತು.

ಇದಕ್ಕೆ ಸಂಶೋಧನೆಯ ಬೆಂಬಲವೂ ಇದೆ. ಬ್ರಿಟನ್ನಿನ ಜಿಲ್ ರೈಲಿ ಮತ್ತು ಸಂಗಡಿಗರು 3,545 ಹೆಣಿಗೆಗಾರರ ಸಮೀಕ್ಷೆ ನಡೆಸಿ 2013ರಲ್ಲಿ ಪ್ರಕಟಿಸಿದರು. ಹೆಚ್ಚು ಸಲ ಹೆಣೆಯುವವರು ಹೆಚ್ಚು ಸಮಾಧಾನ ಮತ್ತು ಸಂತೋಷ ಅನುಭವಿಸುವುದಾಗಿ ಅದರಲ್ಲಿ ಹೇಳಿಕೊಂಡಿದ್ದರು. ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾಲಯದ ಗಿರಿಜಾ ಕೈಮಲ್ ಮತ್ತು ಸಂಗಡಿಗರು 2016ರಲ್ಲಿ 39 ಜನರಿಗೆ 45 ನಿಮಿಷ ಚಿತ್ರ, ಮಣ್ಣಿನ ಗೊಂಬೆ, ಅಂಟಿಸುವ ಕೆಲಸ ಕೊಟ್ಟು ನೋಡಿದರು. ಸುಮಾರು ಮುಕ್ಕಾಲು ಪಾಲು ಜನರ ಮೈಯಲ್ಲಿ ಒತ್ತಡದ ಹಾರ್ಮೋನ್ ಕಾರ್ಟಿಸೋಲ್ ಇಳಿದಿತ್ತು. ಕಲೆ ಗೊತ್ತಿದ್ದವರು, ಗೊತ್ತಿಲ್ಲದವರು ಎಂಬ ಭೇದ ಅಲ್ಲಿ ಕಾಣಲಿಲ್ಲ. ಎರಡನೆಯ ಅಧ್ಯಯನ ನಡೆದದ್ದು ವಯಸ್ಕರ ಮೇಲೆ. ಮೊದಲನೆಯದು ಹೆಣಿಗೆ ಇಷ್ಟಪಡುವವರೇ ಕೊಟ್ಟ ಉತ್ತರ. ಹಾಗಾಗಿ ಹೊಲಿಗೆಯನ್ನು ಔಷಧಿ ಎನ್ನುವುದು ಅತಿಯಾದೀತು. ಕಡಿಮೆ ಖರ್ಚಿನ, ಅಪಾಯವಿಲ್ಲದ ಒಂದು ಒಳ್ಳೆಯ ರೂಢಿ ಎಂದರೆ ಸಾಕು.

ಯಾವ ದಿಗಿಲಿಗೆ ಯಾವ ಹೊಲಿಗೆ?

ಎಲ್ಲರಿಗೂ ಒಂದೇ ಕೆಲಸ ಒಗ್ಗುವುದಿಲ್ಲ. ಮನಸ್ಸಿನ ಸ್ಥಿತಿ ನೋಡಿ ಆರಿಸಿಕೊಳ್ಳಬೇಕು.

*ಕೌದಿ:* ದಣಿದ ತಲೆಗೆ ಇದು ಸರಿ. ಹಳೆಯ ಸೀರೆ, ಧೋತರಗಳನ್ನು ಪದರ ಪದರವಾಗಿ ಹಾಸಿ, ಮೇಲೆ ತುಂಡು ಅರಿವೆ ಕೂರಿಸಿ, ಅಂಚಿನಿಂದ ನಡುವಿನವರೆಗೆ ಸುತ್ತುತ್ತಾ ಸಾದಾ ಹೊಲಿಗೆ ಹಾಕುವುದು. ಎಣಿಕೆ ಇಲ್ಲ, ನಕ್ಷೆ ಇಲ್ಲ. ಸಾಲು ಸೊಟ್ಟಗಾದರೂ ಕೌದಿ ಕೆಡುವುದಿಲ್ಲ. ಯಲ್ಲಾಪುರ, ಹಳಿಯಾಳ, ಮುಂಡಗೋಡ ಭಾಗದ ಸಿದ್ದಿ ಮಹಿಳೆಯರ ಕವಂದಿಯೂ ಇದೇ ಜಾತಿಯದು. ಮೊದಲೇ ಬರೆದಿಟ್ಟ ಮಾದರಿ ಇಲ್ಲದೆ ಹೊಲಿದ ಆ ಕವಂದಿಗಳು ಅಮೆರಿಕದ ವಸ್ತುಸಂಗ್ರಹಾಲಯಗಳಲ್ಲೂ ಪ್ರದರ್ಶನಗೊಂಡಿವೆ. ಎಲ್ಲವೂ ನೂರಕ್ಕೆ ನೂರು ಸರಿಯಿರಬೇಕು ಎಂದು ಒದ್ದಾಡುವ ಮಕ್ಕಳಿಗೆ ಕೌದಿಯನ್ನೇ ಕೊಡಿ.

*ಕಸೂತಿ:* ಒಂದೇ ಯೋಚನೆ ತಲೆ ಕೊರೆಯುತ್ತಿದ್ದರೆ ಇದು ಒಳ್ಳೆಯದು. ಬಟ್ಟೆಯ ಎಳೆ ಎಣಿಸಿಯೇ ಸೂಜಿ ಹಾಕಬೇಕಾದ್ದರಿಂದ ಬೇರೆ ಯೋಚನೆಗೆ ತಲೆಯಲ್ಲಿ ಜಾಗ ಉಳಿಯುವುದಿಲ್ಲ. ಧಾರವಾಡ-ವಿಜಯಪುರ ಸೀಮೆಯ ಈ ಕಲೆಗೆ ಭೌಗೋಳಿಕ ಸೂಚಕ ಮಾನ್ಯತೆಯೂ ಇದೆ. ಗವಂತಿ, ಮುರ್ಗಿ, ನೇಗಿ, ಮೆಂತೆ ಎಂಬ ನಾಲ್ಕು ಬಗೆಯ ಹೊಲಿಗೆಗಳಲ್ಲಿ ಗೋಪುರ, ತೇರು, ಅಂಬಾರಿ ಆನೆ, ನವಿಲು, ತುಳಸಿಕಟ್ಟೆ, ತೊಟ್ಟಿಲು ಎಲ್ಲ ಮೂಡುತ್ತವೆ. ಆದರೆ ಒಂದು ಎಳೆ ತಪ್ಪಿದರೆ ಮುಂದಿನದೆಲ್ಲ ತಪ್ಪುತ್ತದೆ. ತಪ್ಪಿಗೆ ಅಳುವ ಸ್ವಭಾವದವರು ಕೌದಿಯಲ್ಲಿ ಕೈ ಪಳಗಿದ ಮೇಲೆ ಇತ್ತ ಬರಲಿ.

*ಕ್ರೋಶಾ:* ಕುಳಿತಲ್ಲಿ ಕುಳಿತಿರಲಾಗದೆ ಉಗುರು ಕಚ್ಚುವ, ಪೆನ್ನು ತಿರುಗಿಸುವ ಕೈಗಳಿಗೆ ಇದು ಹೇಳಿ ಮಾಡಿಸಿದ್ದು. ಒಂದು ಕಡ್ಡಿ, ಒಂದು ದಾರದ ಉಂಡೆ ಇದ್ದರಾಯಿತು. ಚೂಪಾದ ಸೂಜಿ ಇಲ್ಲದ್ದರಿಂದ ಹಾಸ್ಟೆಲಿಗೂ ಬಸ್ಸಿಗೂ ಅನುಕೂಲ. ಸರಪಳಿ ಹೊಲಿಗೆಯೊಂದನ್ನು ಕಲಿತರೆ ಕೈಗೆ ಕಟ್ಟುವ ಪಟ್ಟಿ, ಕೀಲಿಯ ಗೊಂಚಲು, ಪುಸ್ತಕದ ಗುರುತು ಮಾಡಬಹುದು. ನಮ್ಮ ಸೆಕೆಗೆ ಉಲ್ಲನ್‌ಗಿಂತ ದಪ್ಪ ಹತ್ತಿ ದಾರ ವಾಸಿ. ಉಲ್ಲನ್ ಬೆವರಿದ ಕೈಗೆ ಅಂಟಿಕೊಳ್ಳುತ್ತದೆ.

*ಲಂಬಾಣಿ ಕಸೂತಿ:* ಬಣ್ಣ, ಕನ್ನಡಿ, ಕವಡೆಗಳಿರುವ ಈ ಕೆಲಸ ಬೇಸರ ಕವಿದ ಮನಸ್ಸಿಗೆ ಹುರುಪು ಕೊಡುತ್ತದೆ. ಬಸವನ ಬಾಗೇವಾಡಿ, ಮುದ್ದೇಬಿಹಾಳ ಕಡೆಯ ತಾಂಡಾಗಳಲ್ಲಿ ಫೇಟಿಯಾ (ಲಂಗ), ಕಾಂಚಳಿ (ಕುಪ್ಪಸ) ಹೊಲಿಯಬಲ್ಲ ಹಿರಿಯರಿದ್ದಾರೆ. ಸಂಡೂರಿನ ಲಂಬಾಣಿ ಕಸೂತಿಗೂ ಭೌಗೋಳಿಕ ಸೂಚಕವಿದೆ. 2023ರ ಜುಲೈಯಲ್ಲಿ ಹಂಪಿಯಲ್ಲಿ ನಡೆದ ಜಿ20 ಸಭೆಯ ವೇಳೆ ಸಂಡೂರು ಕುಶಲಕಲಾ ಕೇಂದ್ರದ 450ಕ್ಕೂ ಹೆಚ್ಚು ಲಂಬಾಣಿ ಮಹಿಳೆಯರ ಕೈಯಿಂದ ಮೂಡಿದ 1,755 ವಸ್ತುಗಳ ಪ್ರದರ್ಶನ ಗಿನ್ನಿಸ್ ದಾಖಲೆಗೆ ಸೇರಿತು. ತಾಂಡಾದಿಂದ ಊರ ಶಾಲೆಗೆ ಬರುವ ಮಕ್ಕಳಿಗೆ ತಮ್ಮ ಯಾಡಿಯ (ಅವ್ವನ) ಉಡುಪಿನ ಬಗ್ಗೆ ಇರುವ ನಾಚಿಕೆ ಕಳೆಯಲು ಈ ಒಂದು ಸಂಗತಿ ಸಾಕು. ಬೇರೆ ಮಕ್ಕಳು ತಾಂಡಾದವರ ಬಳಿಯೇ ಹೋಗಿ, ಅವರ ಹೊತ್ತಿಗೆ ತಕ್ಕ ಗೌರವಧನ ಕೊಟ್ಟು ಕಲಿಯುವುದು ಸರಿಯಾದ ಕ್ರಮ.

ಮೊದಲ ಕೌದಿ: ಓದಲು ಕೂಡುವ ಆಸನ

ಆರಂಭದಲ್ಲೇ ಹಾಸಿಗೆಯಗಲದ ಕೌದಿಗೆ ಕೈ ಹಾಕಬೇಡಿ. ಅದು ತಿಂಗಳುಗಟ್ಟಲೆಯ ಕೆಲಸ, ನಡುವೆ ಬಿಟ್ಟರೆ ಮನಸ್ಸಿಗೆ ಮತ್ತೊಂದು ಸೋಲು. ಒಂದೂವರೆ ಅಡಿ ಉದ್ದಗಲದ ಆಸನದಿಂದ ಶುರು ಮಾಡಿ. ದಿನಕ್ಕೆ ಅರ್ಧ ತಾಸು ಕುಳಿತರೆ ಮೂರು-ನಾಲ್ಕು ವಾರದಲ್ಲಿ ಮುಗಿದೀತು.

ಬೇಕಾದದ್ದು: ಹಳೆಯ ನೂಲಿನ ಸೀರೆ ಅಥವಾ ಧೋತರ, ನಾಲ್ಕಾರು ಬಣ್ಣದ ತುಂಡುಗಳು, ದಪ್ಪ ಹತ್ತಿ ದಾರ, ಉದ್ದನೆಯ ದಪ್ಪ ಸೂಜಿ, ಕತ್ತರಿ. ಸಿಂಪಿಗರ ಅಂಗಡಿಯಲ್ಲಿ ಕೇಳಿದರೆ ಕತ್ತರಿಸಿ ಉಳಿದ ತುಂಡು ಕೈತುಂಬ ಸಿಗುತ್ತದೆ. ಕತ್ತರಿ ಮನೆಯಲ್ಲಿದ್ದರೆ ಕೊಳ್ಳಬೇಕಾದದ್ದು ಸೂಜಿ-ದಾರ ಮಾತ್ರ. ನೂರು ರೂಪಾಯಿಯೂ ಬೇಡ.

1. ಅರಿವೆಗಳನ್ನು ತೊಳೆದು ಒಣಗಿಸಿ. ಹೊಸ ತುಂಡುಗಳನ್ನೂ ತೊಳೆಯಿರಿ, ಇಲ್ಲವಾದರೆ ಹೊಲಿದಾದ ಮೇಲೆ ಬಣ್ಣ ಬಿಟ್ಟು ಬೇರೆ ತುಂಡಿಗೆ ಹತ್ತುತ್ತದೆ.

2. ಸೀರೆಯನ್ನು ಆಸನದ ಅಳತೆಗೆ ಮೂರು-ನಾಲ್ಕು ಪದರವಾಗಿ ಮಡಚಿ. ಅದಕ್ಕಿಂತ ದಪ್ಪವಾದರೆ ಸೂಜಿ ದಾಟುವುದಿಲ್ಲ, ಬೆರಳು ನೋಯುತ್ತದೆ.

3. ಮೇಲೆ ಬಣ್ಣದ ತುಂಡುಗಳನ್ನು ಜೋಡಿಸಿ. ಅವ್ವನ ಹಳೆಯ ಕುಪ್ಪಸ, ಅಪ್ಪನ ಅಂಗಿ, ಚಿಕ್ಕಂದಿನ ಲಂಗ, ಯಾವುದಾದರೂ ಸರಿ. ಗುಳೆ ಹೋದವರ ಬಟ್ಟೆಯ ತುಂಡೊಂದು ಅದರಲ್ಲಿದ್ದರೆ ಮಕ್ಕಳಿಗೆ ಅದರದೇ ಆಸರೆ.

4. ಪದರ ಜರುಗದಂತೆ ದೊಡ್ಡ ದೊಡ್ಡ ಕಚ್ಚಾ ಹೊಲಿಗೆ ಹಾಕಿ. ಕೊನೆಗೆ ಇದನ್ನು ತೆಗೆಯಬೇಕು.

5. ಅಂಚನ್ನು ಒಳಕ್ಕೆ ಮಡಚಿ, ಹೊರ ಅಂಚಿನಿಂದ ಸಾದಾ ಹೊಲಿಗೆ ಶುರು ಮಾಡಿ. ಒಂದು ಸುತ್ತು ಮುಗಿದ ಮೇಲೆ ಒಂದು ಬೆರಳಿನಷ್ಟು ಒಳಗೆ ಮುಂದಿನ ಸುತ್ತು. ಹೀಗೆ ನಡುವಿನವರೆಗೆ.

6. ದಾರ ಒಂದು ಮೊಳಕ್ಕಿಂತ ಉದ್ದ ಬೇಡ. ಉದ್ದವಾದರೆ ಸಿಕ್ಕಾಗುತ್ತದೆ, ಸಿಕ್ಕು ಬಿಡಿಸುವುದರಲ್ಲೇ ಸಿಟ್ಟು ಬರುತ್ತದೆ.

ಮನೆಯಲ್ಲಿ ಆಯಿ ಇದ್ದರೆ ಯೂಟ್ಯೂಬ್ ಬಿಟ್ಟು ಅವರನ್ನೇ ಕೇಳಿ. ಎದುರು-ಬದುರು ಕೂತು ಮಾತಾಡಲು ಹಿಂಜರಿಯುವ ವಯಸ್ಸಿನವರೂ ಪಕ್ಕದಲ್ಲಿ ಕೂತು ಹೊಲಿಯುವಾಗ ತಾವಾಗಿಯೇ ಬಾಯಿ ಬಿಡುತ್ತಾರೆ. ಕಣ್ಣು ಅರಿವೆಯ ಮೇಲಿರುವುದರಿಂದ ಹೇಳಲಾಗದ ಮಾತೂ ಹೇಳಲು ಸಲೀಸು.

ಮೊದಲ ಕಸೂತಿ: ಗವಂತಿ

ಸೀರೆಯ ಸಣ್ಣ ಎಳೆ ಎಣಿಸುವುದು ಹೊಸಬರಿಗೆ ಕಷ್ಟ. ಮ್ಯಾಟಿ ಬಟ್ಟೆಯಲ್ಲಿ ಚೌಕಗಳು ಎದ್ದು ಕಾಣುತ್ತವೆ, ಅದನ್ನೇ ತನ್ನಿ. ಕಸೂತಿ ದಾರದ ಲಡಿಯಲ್ಲಿ ಆರು ಎಳೆಗಳಿರುತ್ತವೆ. ಎರಡು ಎಳೆ ಬಿಡಿಸಿ ತೆಗೆದುಕೊಂಡು ಮೊಂಡು ತುದಿಯ ಸೂಜಿಗೆ ಪೋಣಿಸಿ.

ಗವಂತಿಯ ಗುಟ್ಟು ಹೋಗಿ ಬರುವುದರಲ್ಲಿದೆ. ಹೋಗುವಾಗ ಒಂದು ಚೌಕ ಹೊಲಿದು ಒಂದು ಚೌಕ ಬಿಡುತ್ತಾ ಸಾಗಿ. ತಿರುಗಿ ಬರುವಾಗ ಬಿಟ್ಟದ್ದನ್ನೆಲ್ಲ ತುಂಬುತ್ತಾ ಬನ್ನಿ. ಸರಿಯಾಗಿ ಹಾಕಿದರೆ ಬಟ್ಟೆಯ ಎರಡೂ ಮಗ್ಗುಲು ಒಂದೇ ತೆರನಾಗಿ ಕಾಣುತ್ತದೆ. ಗಂಟು ಹಾಕಬಾರದು, ದಾರದ ತುದಿಯನ್ನು ಹಾಕಿದ ಹೊಲಿಗೆಗಳ ಅಡಿಯಲ್ಲೇ ತೂರಿಸಿ ಮುಗಿಸಬೇಕು. ಮೊದಲು ನೇರ ಗೆರೆ, ಆಮೇಲೆ ಮೆಟ್ಟಿಲು, ನಂತರ ಚೌಕ. ಇವು ಮೂರು ಬಂದರೆ ಸಣ್ಣ ಗೋಪುರ ಕಟ್ಟಬಹುದು. ಓರೆಯಾಗಿ ಮೆಟ್ಟಿಲಂತೆ ಏರುವ ಮುರ್ಗಿ, ನೇಯ್ಗೆಯಂತೆ ಕಾಣುವ ನೇಗಿ, ಅಡ್ಡಗೆರೆಗಳು ಒಂದನ್ನೊಂದು ದಾಟುವ ಮೆಂತೆಗಳನ್ನು ಬೇಸಿಗೆ ರಜೆಗೆ ಇಟ್ಟುಕೊಳ್ಳಿ.

ಹುಡುಗರಿಗೂ ಸೂಜಿ

‘ಹೆಣ್ಣಮಕ್ಕಳ ಕೆಲಸ’ ಎಂಬ ಮಾತಿಗೆ ನಮ್ಮ ನೆಲದಲ್ಲಿ ಆಧಾರವಿಲ್ಲ. ಊರ ಸಿಂಪಿಗರು ಗಂಡಸರು, ಮಗ್ಗದಲ್ಲಿ ಕಂಬಳಿ ನೇಯುವವರೂ ಗಂಡಸರು. ಆದ್ಯ ವಚನಕಾರ ದೇವರ ದಾಸಿಮಯ್ಯ ಮುದನೂರಿನ ನೇಕಾರ. ಬಾಗೇವಾಡಿಯ ಬಸವಣ್ಣನವರ ಕಾಲದ ಶರಣರಲ್ಲಿ ಒಬ್ಬರ ಹೆಸರೇ ಸೂಜಿಕಾಯಕದ ರಾಮಿತಂದೆ. ಗಂಡುಹುಡುಗರು ದುಃಖ ಹೇಳಿಕೊಳ್ಳುವುದು ಕಡಿಮೆ. ಅದು ಸಿಟ್ಟಾಗಿ, ಬೈಕಿನ ವೇಗವಾಗಿ, ಗುಟ್ಕಾ ಆಗಿ ಹೊರಬರುತ್ತದೆ. ಹರಿದ ಚೀಲ ಹೊಲಿಯುವುದು, ಹಳೆಯ ಜೀನ್ಸಿನಿಂದ ಬ್ಯಾಟಿನ ಚೀಲ ಮಾಡುವುದು, ಕ್ರೋಶಾದಲ್ಲಿ ಬಾಟಲಿ ಚೀಲ ಹೆಣೆಯುವುದು, ಹೀಗೆ ತಮಗೆ ಬೇಕಾದ ವಸ್ತುವಿನಿಂದ ಅವರು ಶುರು ಮಾಡಲಿ.

ಹುಡುಗಿಯರ ವಿಷಯದಲ್ಲಿ ಎಚ್ಚರ ಬೇರೆಯೇ. ಅವರಿಗೆ ಮನೆಗೆಲಸ ಮೊದಲೇ ಹೆಚ್ಚು. ‘ನಾಳೆ ಗಂಡನ ಮನಿಗೆ ಹೋಗಾಕಿ, ಕಲೀಬೇಕು’ ಎಂದು ಸೂಜಿ ಕೈಗಿತ್ತರೆ ಅದು ಇನ್ನೊಂದು ಹೊರೆ. ಬೇಡವೆನ್ನುವ ಹಕ್ಕು ಅವರಿಗಿರಬೇಕು.

ಹೊತ್ತು, ಬೆಳಕು, ಬೆನ್ನು

ಓದಿನ ನಡುವೆ ಇಪ್ಪತ್ತರಿಂದ ಮೂವತ್ತು ನಿಮಿಷ ಸಾಕು. ಸಂಜೆ ದೀಪ ಹಚ್ಚುವ ಹೊತ್ತು ಅಥವಾ ಮಲಗುವ ಮುನ್ನ ಒಳ್ಳೆಯದು. ಮೊಬೈಲ್ ಬೇರೆ ಕೋಣೆಯಲ್ಲಿರಲಿ, ಹಾಡು ಬೇಕೆಂದರೆ ರೇಡಿಯೊ ಇದೆ. ಕರೆಂಟ್ ಹೋದಾಗ ಚಾರ್ಜಿಂಗ್ ಲೈಟಿನ ಮಂದ ಬೆಳಕಿನಲ್ಲಿ ಕಸೂತಿ ಬೇಡ, ಕಣ್ಣು ಸೋತು ತಲೆನೋವು ಬರುತ್ತದೆ. ಗೋಡೆಗೆ ಬೆನ್ನು ಕೊಟ್ಟು ಕೂಡಿ, ಹತ್ತು ನಿಮಿಷಕ್ಕೊಮ್ಮೆ ದೂರ ನೋಡಿ, ಬೆರಳು ಬಿಡಿಸಿ. ಏಳುವ ಮುನ್ನ ಸೂಜಿ ಎಣಿಸಿ ಡಬ್ಬಿಗೆ ಹಾಕುವುದು ಕಡ್ಡಾಯ. ಅಂಬೆಗಾಲಿಡುವ ಕೂಸು ಇರುವ ಮನೆಯಲ್ಲಂತೂ ಇದರಲ್ಲಿ ರಿಯಾಯಿತಿ ಇಲ್ಲ.

ಓದಬೇಕಾದ್ದನ್ನು ಮುಂದೂಡಲು ಹೊಲಿಗೆ ನೆಪವಾಗುತ್ತಿದೆ ಅನ್ನಿಸಿದರೆ ಕ್ರಮ ಬದಲಿಸಿ. ಒಂದು ಪಾಠ ಮುಗಿಸಿ ಒಂದು ಸುತ್ತು ಹೊಲಿಯಿರಿ.

ಅಪ್ಪ-ಅವ್ವನಿಗೆ

‘ಓದೂದು ಬಿಟ್ಟು ಇದೇನ್ ಹಚ್ಚೀದಿ?’ ಎಂಬ ಒಂದು ಮಾತು ಸಾಕು, ಮಕ್ಕಳು ಸೂಜಿ ಇಟ್ಟು ಮೊಬೈಲ್ ಹಿಡಿಯುತ್ತಾರೆ. ಹಾಗೆಯೇ ಅತಿಯಾದ ಹೊಗಳಿಕೆಯೂ ಬೇಡ. ಕೇಳದೆ ಫೋಟೊ ತೆಗೆದು ಸ್ಟೇಟಸ್ಸಿಗೆ ಹಾಕುವುದು, ‘ಪಕ್ಕದ ಮನಿಯಾಕಿ ಇನ್ನೂ ಚಂದ ಹೊಲೀತಾಳ’ ಎನ್ನುವುದು, ‘ಮಾರಿದ್ರ ಎಷ್ಟ ಬರ್ತದ?’ ಎಂದು ಲೆಕ್ಕ ಹಾಕುವುದು, ಇವೆಲ್ಲ ಹೊಲಿಗೆಯನ್ನು ಇನ್ನೊಂದು ಪರೀಕ್ಷೆ ಮಾಡುತ್ತವೆ. ಅಲ್ಲಿಗೆ ಅದರ ಉಪಯೋಗ ಮುಗಿಯಿತು. ಮುಂದೆ ಅದೇ ಕಸುಬಾಗಿ ಕಾಸು ಬಂದರೆ ಸಂತೋಷ, ಆದರೆ ಅದು ಆಮೇಲಿನ ಮಾತು. ಪಕ್ಕದಲ್ಲಿ ಕೂತು ನೀವೂ ನಾಲ್ಕು ಹೊಲಿಗೆ ಹಾಕಿ, ಅದೇ ದೊಡ್ಡ ಮೆಚ್ಚುಗೆ.

ಶಾಲೆ, ಹಾಸ್ಟೆಲ್

ಬ್ಯಾಗ್ ಇಲ್ಲದ ‘ಸಂಭ್ರಮ ಶನಿವಾರ’ದ ಒಂದು ಅವಧಿಯನ್ನು ಶಿಕ್ಷಕರು ಇದಕ್ಕೆ ಕೊಡಬಹುದು. ಊರಿನ ಹಿರಿಯ ಹೆಣ್ಣುಮಗಳೊಬ್ಬರನ್ನು ಗುರುವಾಗಿ ಕರೆಸಿ. ಇಡೀ ತರಗತಿ ಸೇರಿ ಒಂದೇ ಕೌದಿ ಹೊಲಿಯುವುದು ಒಳ್ಳೆಯ ಆರಂಭ: ಪ್ರತಿಯೊಬ್ಬರೂ ಮನೆಯಿಂದ ಒಂದು ತುಂಡು ತರಲಿ, ಅದರ ಕಥೆ ಹೇಳಿ ಕೂರಿಸಲಿ. ಇದಕ್ಕೆ ಅಂಕ, ಬಹುಮಾನ, ಸ್ಪರ್ಧೆ ಯಾವುದೂ ಬೇಡ. ಹಾಸ್ಟೆಲುಗಳಲ್ಲಿ ವಾರ್ಡನ್ ಅಥವಾ ಮೇಲ್ವಿಚಾರಕರ ಬಳಿ ಸೂಜಿ-ಕತ್ತರಿಯ ಡಬ್ಬಿ ಇರಲಿ. ಸಂಜೆ ಕೊಟ್ಟು, ಎಣಿಸಿ ಹಿಂದಕ್ಕೆ ಪಡೆಯಲಿ.

ಸೂಜಿ ಸಾಲದಾದಾಗ

ಎರಡು ವಾರ ಕಳೆದರೂ ನಿದ್ದೆ, ಊಟ ಸರಿಹೋಗದಿದ್ದರೆ, ಗೆಳೆಯರನ್ನೂ ದೂರವಿಟ್ಟರೆ, ಇಷ್ಟದ ಆಟವೂ ಬೇಡವಾದರೆ ಅದು ಹೊಲಿಗೆಯಿಂದ ಹೋಗುವ ದಿಗಿಲಲ್ಲ. ‘ನಾ ಇದ್ದೇನ್ ಮಾಡೂದೈತಿ’ ಎಂಬಂಥ ಮಾತು ಬಂದರಂತೂ ಒಂದು ದಿನವೂ ಕಾಯಬಾರದು. ಮೈ ಕೊಯ್ದುಕೊಳ್ಳುವ, ಚುಚ್ಚಿಕೊಳ್ಳುವ ಗುರುತು ಕಂಡರೆ ಸೂಜಿ, ಕತ್ತರಿ, ಬ್ಲೇಡುಗಳನ್ನು ಕೈಗೆ ಸಿಗದಂತೆ ಇಡಿ. ಹೊಲದ ಮನೆಗಳಲ್ಲಿ ಬೆಳೆಗೆ ಹೊಡೆಯುವ ಔಷಧಿಯ ಬಾಟಲಿಗಳಿಗೂ ಕೀಲಿ ಹಾಕಿ.

ಕೇಂದ್ರ ಸರ್ಕಾರ 2022ರ ಅಕ್ಟೋಬರಿನಲ್ಲಿ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿ 14416. ಹಗಲು-ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಮನೆಯಲ್ಲೇ ಹಿಂಸೆ, ಬಾಲ್ಯವಿವಾಹದ ಒತ್ತಾಯ ಇದ್ದರೆ ಮಕ್ಕಳ ಸಹಾಯವಾಣಿ 1098. ಸರ್ಕಾರಿ ಆಸ್ಪತ್ರೆಗಳಲ್ಲಿ ಹದಿಹರೆಯದವರಿಗಾಗಿ ‘ಸ್ನೇಹ ಕ್ಲಿನಿಕ್’ ಎಂಬ ಆಪ್ತಸಮಾಲೋಚನೆ ವ್ಯವಸ್ಥೆ ಇದೆ. ಆಶಾ ಕಾರ್ಯಕರ್ತೆಯನ್ನು ಕೇಳಿದರೆ ಹತ್ತಿರದ್ದು ಎಲ್ಲಿ ಎಂದು ಹೇಳುತ್ತಾರೆ. ಫಲಿತಾಂಶದ ಭಯ ಇರುವವರಿಗೆ ಇನ್ನೊಂದು ಮಾತು: 2024ರಿಂದ ಎಸ್ಸೆಸ್ಸೆಲ್ಸಿ ಮತ್ತು ದ್ವಿತೀಯ ಪಿಯು ಪರೀಕ್ಷೆಯನ್ನು ಅದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಸಲ ಬರೆಯುವ ಅವಕಾಶವಿದೆ. ಒಂದು ಸಲ ಹೋದದ್ದು ವರ್ಷವೇ ಹೋದಂತಲ್ಲ.

ಹೊಲಿಗೆ ಅಂಕ ತಂದುಕೊಡುವುದಿಲ್ಲ, ಮನೆಯ ಬಡತನ ನೀಗಿಸುವುದಿಲ್ಲ. ದಿನಕ್ಕೆ ಅರ್ಧ ತಾಸು ಮನಸ್ಸನ್ನು ಒಂದೆಡೆ ನಿಲ್ಲಿಸುತ್ತದೆ, ಮತ್ತೆ ಪುಸ್ತಕ ತೆರೆಯುವಷ್ಟು ತ್ರಾಣ ಕೊಡುತ್ತದೆ. ಈ ಭಾನುವಾರ ಒಂದು ಸೂಜಿ, ಒಂದು ಉಂಡೆ ದಾರ, ನಾಲ್ಕು ತುಂಡು ಅರಿವೆ ತೆಗೆದಿಟ್ಟುಕೊಂಡು ಆಯಿಯ ಪಕ್ಕದಲ್ಲಿ ಕೂಡಿ. 14416 ಎಂಬ ಸಂಖ್ಯೆಯನ್ನೂ ಇವತ್ತೇ ಫೋನಿನಲ್ಲಿ ಉಳಿಸಿಕೊಳ್ಳಿ.